ಕೂಸಿನ ಹೊಟ್ಟೆಯ ಗಡ್ಡೆಗೆ ಮೊದಲು ಹೆಸರು ಗೊತ್ತಾಗಲಿ

“ಸೂಜಿ ಚುಚ್ಚಸಬ್ಯಾಡ್ರಿ, ಗಡ್ಡಿ ಕೆರಳತದ.” ಬಸವಕಲ್ಯಾಣ, ಹುಮನಾಬಾದ್ ಕಡೆಯ ಮನೆಗಳಲ್ಲಿ ಮಗುವಿನ ಹೊಟ್ಟೆಯಲ್ಲಿ ಗಡ್ಡೆಯಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಗೊತ್ತಾದ ದಿನವೇ ಈ ಮಾತು ಹುಟ್ಟಿಕೊಳ್ಳುತ್ತದೆ. ಹೇಳುವವರು ಕೇಡು ಬಯಸುವವರಲ್ಲ. ಅಜ್ಜಿ ಇರುತ್ತಾಳೆ, ಸೋದರಮಾವ ಇರುತ್ತಾನೆ, ಓಣಿಯ ಹಿರಿಯರು ಇರುತ್ತಾರೆ. ತಮ್ಮವರಲ್ಲಿ ಯಾರಿಗೋ ಬಯಾಪ್ಸಿ ಮಾಡಿಸಿದರು, ನಾಲ್ಕೈದು ತಿಂಗಳಲ್ಲಿ ಅವರು ತೀರಿಕೊಂಡರು. ಅದನ್ನು ಕಣ್ಣಾರೆ ಕಂಡವರು ಹೀಗೆ ಹೇಳುವುದು ಸಹಜ. ಆದರೆ ಅಲ್ಲಿ ಸಾವು ತಂದದ್ದು ಸೂಜಿಯಲ್ಲ. ರೋಗ ಮೈತುಂಬ ಹರಡಿದ ಮೇಲೆ ಆಸ್ಪತ್ರೆಗೆ ಹೋದದ್ದು, ಸೂಜಿಯ ಪರೀಕ್ಷೆ ತೀರಾ ತಡವಾಗಿ ನಡೆದದ್ದು. ಸೂಜಿಯನ್ನೂ ಸಾವನ್ನೂ ಕೂಡಿಸಿ ನೋಡಿದ ಭಯ ಇವತ್ತು ಮಕ್ಕಳ ವಿಷಯದಲ್ಲಿ ವಾರಗಳನ್ನು ತಿನ್ನುತ್ತಿದೆ.

ಮಕ್ಕಳ ಹೊಟ್ಟೆಯ ಗಡ್ಡೆಯ ಬಗ್ಗೆ ನಾನು ಹೇಳಬೇಕಾದದ್ದು ಒಂದೇ: ಕತ್ತರಿ ಮುಟ್ಟುವ ಮೊದಲು ಅದರ ಹೆಸರು ಗೊತ್ತಾಗಬೇಕು. ಒಂದೇ ಜಾಗದಲ್ಲಿ, ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿ ಕಾಣುವ ಮೂರು ಗಡ್ಡೆಗಳಿರಬಹುದು. ಒಂದನ್ನು ಔಷಧಿಯಿಂದ ಕುಗ್ಗಿಸಿ ಆಮೇಲೆ ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕು. ಎರಡನೆಯದಕ್ಕೆ ಶಸ್ತ್ರಚಿಕಿತ್ಸೆಯೇ ಬೇಡ, ಔಷಧಿಗೇ ಕರಗುತ್ತದೆ. ಮೂರನೆಯದು ಕ್ಯಾನ್ಸರೇ ಅಲ್ಲ, ಕ್ಷಯ. ಹೊರಗಿನಿಂದ ಮುಟ್ಟಿ ನೋಡಿದರೆ ಮೂರೂ ಗಟ್ಟಿ. ಯಾವುದು ಯಾವುದೆಂದು ಹೇಳಲು ಜೀವಕೋಶಗಳನ್ನು ನೋಡಬೇಕು. ಅವನ್ನು ಹೊರತೆಗೆಯುವ ಅತ್ಯಂತ ಚಿಕ್ಕ ದಾರಿ ಸಣ್ಣ ಸೂಜಿ. ವೈದ್ಯರು ಎಫ್‌ಎನ್‌ಎಸಿ ಎಂದು ಬರೆಯುವುದು, ನಮ್ಮ ಜನ ಸೂಜಿ ಪರೀಕ್ಷೆ ಎನ್ನುವುದು ಇದನ್ನೇ.

ಚಿಕ್ಕ ಮಕ್ಕಳ ಹೊಟ್ಟೆಯಲ್ಲಿ ಹುಟ್ಟುವ ಕ್ಯಾನ್ಸರ್ ಗಡ್ಡೆಗಳ ಬಗೆಗಳು ಬಹಳ ಇಲ್ಲ. ಮೂತ್ರಪಿಂಡದಲ್ಲಿ ಹುಟ್ಟುವುದು ವಿಲ್ಮ್ಸ್ ಗಡ್ಡೆ. ಜರ್ಮನಿಯ ಶಸ್ತ್ರವೈದ್ಯ ಮ್ಯಾಕ್ಸ್ ವಿಲ್ಮ್ಸ್ 1899ರಲ್ಲಿ ಇದರ ಬಗ್ಗೆ ವಿಸ್ತಾರವಾಗಿ ಬರೆದದ್ದರಿಂದ ಅವನ ಹೆಸರೇ ನಿಂತಿತು. ಮೂರು, ನಾಲ್ಕು ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲೋ ಬೆನ್ನುಮೂಳೆಯ ಬದಿಯ ನರಗಂಟುಗಳಲ್ಲೋ ಹುಟ್ಟುವುದು ನ್ಯೂರೋಬ್ಲಾಸ್ಟೋಮಾ. ಇದು ಇನ್ನೂ ಎಳೆಯ ಮಕ್ಕಳ ರೋಗ. ಯಕೃತ್ತಿನಲ್ಲಿ ಹೆಪಟೋಬ್ಲಾಸ್ಟೋಮಾ, ಅದೂ ಬಹುತೇಕ ಮೂರು ವರ್ಷದೊಳಗೆ. ಹೆಣ್ಣುಮಕ್ಕಳ ಅಂಡಾಶಯದಲ್ಲಿ, ಬೆನ್ನಿನ ಬುಡದಲ್ಲಿ ಜರ್ಮ್ ಸೆಲ್ ಗಡ್ಡೆಗಳು. ತುಸು ದೊಡ್ಡ ಮಕ್ಕಳ ಕರುಳಿನ ಸುತ್ತ ಬರ್ಕಿಟ್ ಲಿಂಫೋಮಾ. ಉಗಾಂಡಾದಲ್ಲಿ ಕೆಲಸ ಮಾಡುತ್ತಿದ್ದ ಐರಿಷ್ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ 1958ರಲ್ಲಿ ಅಲ್ಲಿನ ಮಕ್ಕಳ ದವಡೆಯಲ್ಲಿ ಇದನ್ನು ಗುರುತಿಸಿ ಬರೆದ. ಒಂದೆರಡು ದಿನದಲ್ಲಿ ಎರಡರಷ್ಟಾಗಬಲ್ಲ ವೇಗ ಇದರದು. ಮನುಷ್ಯನ ಮೈಯಲ್ಲಿ ಇಷ್ಟು ಬೇಗ ಬೆಳೆಯುವ ಗಡ್ಡೆ ಇನ್ನೊಂದಿಲ್ಲವೆನ್ನಬಹುದು. ಔಷಧಿಗೆ ಅಷ್ಟೇ ಬೇಗ ಕರಗುವುದೂ ಇದೇ.

ಇವುಗಳಲ್ಲಿ ಹೆಚ್ಚಿನವು ಗರ್ಭದಲ್ಲಿ ಅಂಗಗಳು ರೂಪಗೊಳ್ಳುವಾಗಿನ ಎಳೆಯ ಕೋಶಗಳಿಂದ ಬರುತ್ತವೆ. ಹುಟ್ಟುವ ಹೊತ್ತಿಗೆ ಬಲಿತು ಮೂತ್ರಪಿಂಡವೋ ನರವೋ ಆಗಬೇಕಿದ್ದ ಕೆಲವು ಕೋಶಗಳು ಬಲಿಯದೆ ಉಳಿದು, ಮುಂದೆ ಲಂಗುಲಗಾಮಿಲ್ಲದೆ ಬೆಳೆಯುತ್ತವೆ. ತಾಯಿ ಬಸಿರಲ್ಲಿ ತಿಂದದ್ದರಿಂದ, ಗ್ರಹಣ ನೋಡಿದ್ದರಿಂದ, ಯಾರದೋ ಕಣ್ಣು ತಾಗಿದ್ದರಿಂದ ಇದು ಬರುವುದಿಲ್ಲ. ಈ ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಏಕೆಂದರೆ ಇಂಥ ಮಗುವಿನ ತಾಯಿಯ ತಲೆಯ ಮೇಲೆ ಮನೆಯವರು ಹೊರಿಸುವ ಆರೋಪ ರೋಗಕ್ಕಿಂತ ಕಡಿಮೆ ಭಾರದ್ದಲ್ಲ.

ಗಡ್ಡೆಯನ್ನು ಮೊದಲು ಕಂಡುಹಿಡಿಯುವವಳೂ ಬಹುತೇಕ ಅವಳೇ. ನೀರು ಎರೆಯುವಾಗ, ಎಣ್ಣೆ ಹಚ್ಚುವಾಗ, ಚಡ್ಡಿಯ ಲಾಡಿ ಕಟ್ಟುವಾಗ ಅವಳಿಗೆ ಗೊತ್ತಾಗುತ್ತದೆ: “ಒಂದ್ ಮಗ್ಗಲಿಗಿ ಗಟ್ಟಿ ಹತ್ತಲತ್ತದ.” ಮಗುವಿಗೆ ನೋವಿಲ್ಲ, ಆಡುತ್ತಿದೆ, ಉಣ್ಣುತ್ತಿದೆ. ಹಾಗಾಗಿ ಯಾರೂ ನಂಬುವುದಿಲ್ಲ. ಜಂತು ಎಂದು ಔಷಧಿ ಕೊಡುತ್ತಾರೆ. ಹೊಟ್ಟೆ ಉಬ್ಬರ ಎಂದು ಓಮಿನ ನೀರು ಕುಡಿಸುತ್ತಾರೆ. ಕೆಲವೆಡೆ ಇನ್ನೂ ಬರೆ ಕೊಡಿಸುತ್ತಾರೆ. ಆ ಸುಟ್ಟ ಗಾಯ ಕೀವಾದರೆ ಮುಂದೆ ಕಿಮೋ ಎಂಬ ಕ್ಯಾನ್ಸರ್ ಔಷಧಿ ಕೊಡುವ ವೈದ್ಯರ ಕೈ ಕಟ್ಟಿದಂತಾಗುತ್ತದೆ. ಇನ್ನೊಂದು ಸಂಗತಿ ತಿಳಿದಿರಲಿ. ಗಡ್ಡೆ ಇದೆಯೆಂದ ಕೂಡಲೇ ಬಂದುಹೋದವರೆಲ್ಲ ಹೊಟ್ಟೆ ಅಮುಕಿ ನೋಡಬಾರದು. ವಿಲ್ಮ್ಸ್ ಗಡ್ಡೆಯ ಹೊದಿಕೆ ತೆಳುವಾದದ್ದು. ಒಡೆದರೆ ಕೋಶಗಳು ಹೊಟ್ಟೆಯೊಳಗೆಲ್ಲ ಚೆಲ್ಲುತ್ತವೆ.

ಮೂತ್ರ ಕೆಂಪಾದರೆ, ಕಾರಣವಿಲ್ಲದೆ ಮೈ ಬಿಳಚಿಕೊಂಡರೆ, ಬಿದ್ದು ಪೆಟ್ಟಾಗದಿದ್ದರೂ ಕಣ್ಣಿನ ಸುತ್ತ ಕಪ್ಪಾಗಿ ಕಂದಿದರೆ, ನಡೆಯುತ್ತಿದ್ದ ಮಗು ಕಾಲು ನೋವೆಂದು ಕುಳಿತುಬಿಟ್ಟರೆ ಆ ವಾರವೇ ಸ್ಕ್ಯಾನಿಂಗ್ ಆಗಬೇಕು. ಕಣ್ಣಿನ ಕಪ್ಪು ಮತ್ತು ಎಲುಬಿನ ನೋವು ನ್ಯೂರೋಬ್ಲಾಸ್ಟೋಮಾ ಹರಡಿದ್ದರ ಗುರುತಾಗಿರಬಹುದು. ಹುಟ್ಟಿನಿಂದಲೇ ಕಣ್ಣಿನ ಬಣ್ಣದ ಪಟಲ ಇಲ್ಲದ ಮಕ್ಕಳಿಗೆ ವಿಲ್ಮ್ಸ್ ಬರುವ ಸಂಭವ ಹೆಚ್ಚು. ಅಂಥವರಿಗೆ ಏನೂ ತೊಂದರೆ ಕಾಣದಿದ್ದರೂ ಮೂರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಆಗುತ್ತಿರಬೇಕು.

ಸ್ಕ್ಯಾನಿಂಗ್ ಬಹಳಷ್ಟನ್ನು ಹೇಳುತ್ತದೆ. ಗಡ್ಡೆ ಮೂತ್ರಪಿಂಡದೊಳಗೆ ಹುಟ್ಟಿದೆಯೋ ಅದನ್ನು ಪಕ್ಕಕ್ಕೆ ತಳ್ಳಿದೆಯೋ, ಒಳಗೆ ನೀರಿದೆಯೋ ಗಟ್ಟಿಯೋ, ಸುಣ್ಣದ ಕಣಗಳಿವೆಯೋ, ದೊಡ್ಡ ರಕ್ತನಾಳಗಳನ್ನು ಸುತ್ತಿಕೊಂಡಿದೆಯೋ ಎಂಬುದೆಲ್ಲ ಕಾಣುತ್ತದೆ. ರಕ್ತದಲ್ಲಿ ಎಎಫ್‌ಪಿ ಎಂಬ ಅಂಶ ಬಹಳ ಏರಿದ್ದರೆ ಹೆಪಟೋಬ್ಲಾಸ್ಟೋಮಾ ಅಥವಾ ಜರ್ಮ್ ಸೆಲ್ ಬಗೆಯ ಯೋಕ್ ಸ್ಯಾಕ್ ಗಡ್ಡೆಯ ಕಡೆ ಬೆರಳು ತೋರಿಸುತ್ತದೆ. ಎಳೆಗೂಸುಗಳಲ್ಲಿ ಅದು ಸಹಜವಾಗಿಯೇ ಹೆಚ್ಚಿರುತ್ತದೆ, ಹಾಗಾಗಿ ವಯಸ್ಸು ನೋಡಿಯೇ ಲೆಕ್ಕ ಹಾಕಬೇಕು. ಮೂತ್ರದಲ್ಲಿ ವಿಎಂಎ ಏರಿದ್ದರೆ ನ್ಯೂರೋಬ್ಲಾಸ್ಟೋಮಾದ ಅನುಮಾನ ಬಲವಾಗುತ್ತದೆ. ಇಷ್ಟಾದರೂ ಅನುಮಾನ ಅನುಮಾನವೇ. ಕಿಮೋದಂಥ ಕಠಿಣ ಔಷಧಿಯನ್ನು ಹತ್ತು ಹನ್ನೆರಡು ಕೆ.ಜಿ. ತೂಗುವ ಮಗುವಿನ ರಕ್ತಕ್ಕೆ ಹರಿಸುವ ಮುನ್ನ ವೈದ್ಯರಿಗೆ ಸಾಮಾನ್ಯವಾಗಿ ಇನ್ನೂ ಗಟ್ಟಿ ಆಧಾರ ಬೇಕಾಗುತ್ತದೆ.

ಈಗ ಸೂಜಿಯ ವಿಷಯ. ಹೆಸರು ಕೇಳಿ ಹೆದರುವವರು ಇದನ್ನು ಒಮ್ಮೆ ಕಣ್ಣಾರೆ ನೋಡಿದರೆ ಅರ್ಧ ಭಯ ಹೋಗುತ್ತದೆ. 22 ಅಥವಾ 23 ಗೇಜಿನ ಸೂಜಿ, ದಪ್ಪ ಒಂದು ಮಿಲಿಮೀಟರಿಗಿಂತ ಕಡಿಮೆ. ತೋಳಿನಿಂದ ರಕ್ತ ತೆಗೆಯುವ ಸೂಜಿಯೂ ಹೆಚ್ಚುಕಡಿಮೆ ಇದೇ ಅಳತೆಯದು, ಇದು ಉದ್ದ ಮಾತ್ರ. ಮೊದಲು ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೂ ಪ್ಲೇಟ್‌ಲೆಟ್ ಎಣಿಕೆಯನ್ನೂ ನೋಡುತ್ತಾರೆ. ಮಗು ಅಲುಗಾಡದಂತೆ ನಿದ್ದೆಯ ಔಷಧಿ ಕೊಡುತ್ತಾರೆ, ಚರ್ಮ ಮರಗಟ್ಟಿಸುತ್ತಾರೆ. ಸ್ಕ್ಯಾನಿಂಗ್ ಪರದೆಯ ಮೇಲೆ ಸೂಜಿಯ ತುದಿಯನ್ನು ನೋಡುತ್ತಲೇ ಕರುಳು, ರಕ್ತನಾಳ ತಪ್ಪಿಸಿ ಗಡ್ಡೆಯೊಳಗೆ ಹೋಗುತ್ತಾರೆ. ಮೂತ್ರಪಿಂಡದ ಗಡ್ಡೆಯಾದರೆ ಬೆನ್ನಿನ ಕಡೆಯಿಂದ ಹೋಗುವುದು ವಾಡಿಕೆ, ಕೋಶಗಳು ಹೊಟ್ಟೆಯ ಪೊಳ್ಳಿಗೆ ಬೀಳಬಾರದೆಂದು. ಸೂಜಿಯನ್ನು ಕೆಲವು ಸಲ ಹಿಂದೆ ಮುಂದೆ ಆಡಿಸಿದಾಗ ಅದರ ಕೊಳವೆಯಲ್ಲಿ ಒಂದೆರಡು ಹನಿಯಷ್ಟು ಕೋಶಗಳು ತುಂಬಿಕೊಳ್ಳುತ್ತವೆ. ಚುಚ್ಚುವ ಕೆಲಸ ಅಲ್ಲಿಗೆ ಮುಗಿಯಿತು. ಹೊಲಿಗೆ ಇಲ್ಲ, ಗಾಯ ಇಲ್ಲ. ಕೆಲವು ತಾಸು ನೋಡಿಕೊಂಡು, ಸ್ಥಿತಿ ಸರಿಯಿದ್ದರೆ ವಾರ್ಡಿಗೋ ಮನೆಗೋ ಕಳಿಸುತ್ತಾರೆ.

ಆ ಹನಿಯನ್ನು ಗಾಜಿನ ಸ್ಲೈಡುಗಳ ಮೇಲೆ ತೆಳ್ಳಗೆ ಎಳೆಯುತ್ತಾರೆ. ಕೆಲವನ್ನು ಗಾಳಿಗೆ ಒಣಗಿಸಿ ಗಿಮ್ಸಾ ಬಣ್ಣ ಹಾಕುತ್ತಾರೆ, ಕೆಲವನ್ನು ಒಣಗಲು ಬಿಡದೆ ತಕ್ಷಣ ಆಲ್ಕೋಹಾಲಿಗೆ ಇಳಿಸಿ ಬೇರೆ ಬಣ್ಣ ಹಾಕುತ್ತಾರೆ. ಎರಡೂ ಬೇಕು. ಮೊದಲನೆಯದರಲ್ಲಿ ಕೋಶದ ಮೈ ಮತ್ತು ಸುತ್ತಲಿನ ಹಿನ್ನೆಲೆ ಚೆನ್ನಾಗಿ ಕಾಣುತ್ತವೆ, ಎರಡನೆಯದರಲ್ಲಿ ಕೋಶಕೇಂದ್ರದ ಸೂಕ್ಷ್ಮ ರಚನೆ. ಒಳ್ಳೆಯ ಕೇಂದ್ರಗಳಲ್ಲಿ ಕೋಶಗಳನ್ನು ಓದುವ ವೈದ್ಯರಾದ ಪೆಥಾಲಜಿಸ್ಟ್ ಮಗುವಿನ ಪಕ್ಕದಲ್ಲೇ ಮೈಕ್ರೋಸ್ಕೋಪ್ ಇಟ್ಟುಕೊಂಡು, ಅವಸರದ ಬಣ್ಣ ಹಾಕಿ, ಸಾಕಷ್ಟು ಕೋಶ ಬಂದಿವೆಯೇ ಎಂದು ಕೆಲವೇ ನಿಮಿಷಗಳಲ್ಲಿ ಹೇಳುತ್ತಾರೆ. ಸಾಲದಿದ್ದರೆ ಅದೇ ನಿದ್ದೆಯಲ್ಲಿ ಇನ್ನೊಮ್ಮೆ ತೆಗೆಯಬಹುದು, ಮಗುವನ್ನು ಮತ್ತೊಂದು ದಿನ ಕರೆಸಬೇಕಿಲ್ಲ.

ಮೈಕ್ರೋಸ್ಕೋಪಿನ ಕೆಳಗೆ ಮಕ್ಕಳ ಗಡ್ಡೆಗಳು ಮೊದಲ ನೋಟಕ್ಕೆ ಒಂದೇ ತರಹ ಕಾಣುತ್ತವೆ: ಸಣ್ಣ, ದುಂಡನೆಯ, ಕಡುನೀಲಿ ಕೋಶಗಳು. ಬೇರ್ಪಡಿಸುವುದೇ ವಿದ್ಯೆ. ವಿಲ್ಮ್ಸ್‌ನಲ್ಲಿ ಕೋಶಗಳು ಒತ್ತೊತ್ತಾಗಿ ಗುಂಪುಗಟ್ಟುತ್ತವೆ. ಅವುಗಳ ನಡುವೆ ಅಲ್ಲಲ್ಲಿ ಮೂತ್ರಪಿಂಡದ ನಾಳಗಳನ್ನು ಕಟ್ಟಲು ಹೊರಟು ಅರ್ಧಕ್ಕೆ ನಿಂತ ಸಣ್ಣ ಕೊಳವೆಗಳು, ಜೊತೆಗೆ ಉದ್ದನೆಯ ಕೋಶಗಳ ಎಳೆಗಳು. ಈ ಮೂರೂ ಒಂದೇ ಸ್ಲೈಡಿನಲ್ಲಿ ಸಿಕ್ಕರೆ ಸಂಶಯಕ್ಕೆ ಎಡೆ ಉಳಿಯುವುದು ಕಡಿಮೆ. ನ್ಯೂರೋಬ್ಲಾಸ್ಟೋಮಾದಲ್ಲಿ ಕೋಶಗಳ ಹಿಂದೆ ನವಿರಾದ ನಾರುಗಳ ಬಲೆ ಇರುತ್ತದೆ, ಆ ನಾರಿನ ಸುತ್ತ ಕೋಶಗಳು ಉಂಗುರವಾಗಿ ನಿಲ್ಲುತ್ತವೆ. ಅಮೆರಿಕದ ಜೇಮ್ಸ್ ಹೋಮರ್ ರೈಟ್ 1910ರಲ್ಲಿ ಆ ಉಂಗುರಗಳನ್ನು ವಿವರಿಸಿ, ಈ ಗಡ್ಡೆ ನರಕೋಶಗಳ ಮೂಲದ್ದೆಂದು ತೋರಿಸಿದ. ಬರ್ಕಿಟ್‌ನಲ್ಲಿ ಗುಂಪೇ ಇಲ್ಲ, ಒಂದೊಂದು ಕೋಶವೂ ಬಿಡಿಬಿಡಿ. ಗಾಢ ನೀಲಿ ಮೈಯಲ್ಲಿ ಕೊಬ್ಬು ತುಂಬಿದ ಚಿಕ್ಕ ಚಿಕ್ಕ ಗುಳ್ಳೆಗಳು. ಹೆಪಟೋಬ್ಲಾಸ್ಟೋಮಾದಲ್ಲಿ ಗರ್ಭದ ಯಕೃತ್ತಿನ ಕೋಶಗಳು, ಅವುಗಳ ಜೊತೆಗೇ ರಕ್ತ ತಯಾರಿಸುವ ಕೋಶಗಳೂ ಕಾಣಬಹುದು. ಹುಟ್ಟುವ ಮುನ್ನ ಯಕೃತ್ತು ಮಾಡುತ್ತಿದ್ದ ಕೆಲಸವನ್ನು ಗಡ್ಡೆ ಇನ್ನೂ ಬಿಟ್ಟಿಲ್ಲ. ಈ ಸ್ಲೈಡುಗಳನ್ನು ಓದಲು ಕಲಿತ ಕಣ್ಣು ನಮ್ಮ ಭಾಗಕ್ಕೆ ಯಾವ ದೊಡ್ಡ ಯಂತ್ರಕ್ಕಿಂತಲೂ ಹೆಚ್ಚು ಬೇಕು ಎಂದು ನಾನು ನಂಬುತ್ತೇನೆ.

ಉಳಿದ ಕೋಶಗಳನ್ನು ಸೋಸಿ, ಮೇಣದಲ್ಲಿ ಕೂರಿಸಿ ಸೆಲ್ ಬ್ಲಾಕ್ ಮಾಡುತ್ತಾರೆ. ಅದರ ಮೇಲೆ ಡಬ್ಲ್ಯುಟಿ-1, ಸಿನಾಪ್ಟೋಫೈಸಿನ್, ಡೆಸ್ಮಿನ್, ಸಿಡಿ-45 ಮೊದಲಾದ ಗುರುತಿನ ಪರೀಕ್ಷೆ ಮಾಡಿ ಹೆಸರನ್ನು ಖಚಿತಪಡಿಸುತ್ತಾರೆ. ನ್ಯೂರೋಬ್ಲಾಸ್ಟೋಮಾ ಆಗಿದ್ದರೆ ಎನ್-ಮಿಕ್ ಎಂಬ ಜೀನ್ ಲೆಕ್ಕಮೀರಿ ಹೆಚ್ಚಿದೆಯೇ ಎಂದು ಆ ಕೋಶಗಳಲ್ಲೇ ನೋಡಬಹುದು. ಹೆಚ್ಚಿದ್ದರೆ ರೋಗ ಉಗ್ರ, ಚಿಕಿತ್ಸೆಯೂ ಉಗ್ರ. ಇದೇ ನ್ಯೂರೋಬ್ಲಾಸ್ಟೋಮಾ ಕೆಲವು ಎಳೆಗೂಸುಗಳಲ್ಲಿ ತಾನಾಗಿಯೇ ಕರಗಿಹೋಗುವುದೂ ಉಂಟು. ವೈದ್ಯಶಾಸ್ತ್ರದಲ್ಲಿ ನನಗೆ ಇಷ್ಟು ಬೆರಗು ತರುವ ಸಂಗತಿ ಇನ್ನೊಂದಿಲ್ಲ. ಕ್ಷಯದ ಗಂಟಾಗಿದ್ದರೆ ಸೂಜಿಯಲ್ಲಿ ಬಂದ ಕೀವಿನಂಥ ದ್ರವವನ್ನು ಸಿಬಿನ್ಯಾಟ್ ಯಂತ್ರಕ್ಕೆ ಹಾಕಿದರೆ ಕೆಲವೇ ತಾಸಿನಲ್ಲಿ ಕ್ಷಯಾಣುವಿನ ಸುಳಿವು ಸಿಗಬಹುದು. ಕ್ಷಯದ ಔಷಧಿ ಸರ್ಕಾರದಿಂದ ಉಚಿತ. ಕ್ಯಾನ್ಸರ್ ಎಂದು ಮನೆಮಂದಿ ಅಳುತ್ತ ಕುಳಿತಿದ್ದ ಮಗು ಆರೇಳು ತಿಂಗಳ ಮಾತ್ರೆಯಲ್ಲಿ ಗುಣವಾಗಬಹುದು.

ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡಿದಂತೆ ಈ ಪರೀಕ್ಷೆ ಎಂದು ಹಲವರು ಹೇಳುತ್ತಾರೆ. ಆ ಹೋಲಿಕೆ ಅರ್ಧ ಮಾತ್ರ ಸರಿ. ಗಡ್ಡೆ ಎಲ್ಲ ಕಡೆ ಒಂದೇ ಸಮ ಬೆಂದ ಅನ್ನವಲ್ಲ. ವಿಲ್ಮ್ಸ್‌ನ ಒಂದು ಮೂಲೆಯಲ್ಲಿ ಮಾತ್ರ ಉಗ್ರ ಕೋಶಗಳಿದ್ದು ಸೂಜಿ ಇನ್ನೊಂದು ಮೂಲೆಗೆ ಹೋಗಿರಬಹುದು. ಸತ್ತುಹೋದ ಭಾಗಕ್ಕೆ ಚುಚ್ಚಿದರೆ ಬರೀ ರಕ್ತ, ಕೊಳೆ ಬರುತ್ತದೆ. ಆದ್ದರಿಂದ ‘ಏನೂ ಸಿಗಲಿಲ್ಲ’ ಎಂಬ ವರದಿಯನ್ನು ‘ಏನೂ ಇಲ್ಲ’ ಎಂದು ಓದಬಾರದು. ಸೌಲಭ್ಯ ಇರುವಲ್ಲಿ ತುಸು ದಪ್ಪ ಸೂಜಿಯಿಂದ ಮಾಂಸದ ಎಳೆಯನ್ನೇ ತೆಗೆಯುವ ಕೋರ್ ಬಯಾಪ್ಸಿಯನ್ನು ಈಗ ಹಲವು ತಜ್ಞರು ಬಯಸುತ್ತಾರೆ, ಎರಡನ್ನೂ ಒಟ್ಟಿಗೆ ಮಾಡುವವರೂ ಇದ್ದಾರೆ.

ಚುಚ್ಚಿದರೆ ರೋಗ ಹರಡುತ್ತದೆಯೇ? ಸೂಜಿಯ ದಾರಿಯಲ್ಲಿ ಗಡ್ಡೆ ಮತ್ತೆ ಹುಟ್ಟಿದ ಉದಾಹರಣೆಗಳು ವೈದ್ಯಗ್ರಂಥಗಳಲ್ಲಿವೆ, ಆದರೆ ಅತಿ ವಿರಳ. ವಿಲ್ಮ್ಸ್ ವಿಷಯದಲ್ಲಿ ಮಾತ್ರ ಜಗತ್ತಿನ ತಜ್ಞರು ಎರಡು ದಾರಿ ಹಿಡಿದಿದ್ದಾರೆ. ಅಮೆರಿಕದ ಪದ್ಧತಿಯಲ್ಲಿ ಸಾಧ್ಯವಾದರೆ ಮೊದಲೇ ಮೂತ್ರಪಿಂಡ ತೆಗೆಯುತ್ತಾರೆ. ಅದಕ್ಕೆ ಮುನ್ನ ಯಾವ ಬಗೆಯ ಸೂಜಿ ಹಾಕಿದರೂ ರೋಗವನ್ನು ಮೂರನೇ ಹಂತವೆಂದು ಎಣಿಸಿ ಚಿಕಿತ್ಸೆ ಹೆಚ್ಚಿಸುತ್ತಾರೆ. ಯುರೋಪಿನ ಪದ್ಧತಿಯಲ್ಲಿ ಮೊದಲು ನಾಲ್ಕು ವಾರ ವಿಂಕ್ರಿಸ್ಟಿನ್, ಆಕ್ಟಿನೋಮೈಸಿನ್ ಎಂಬ ಕಿಮೋ ಔಷಧಿಗಳನ್ನು ಕೊಟ್ಟು ಗಡ್ಡೆ ಕುಗ್ಗಿಸಿ ಆಮೇಲೆ ಶಸ್ತ್ರಚಿಕಿತ್ಸೆ. ಚಿತ್ರವೂ ವಯಸ್ಸೂ ಸ್ಪಷ್ಟವಾಗಿ ವಿಲ್ಮ್ಸ್ ಕಡೆಗಿದ್ದರೆ ಅಲ್ಲಿ ಸೂಜಿಯನ್ನೇ ಹಾಕದಿರಬಹುದು. ಅನುಮಾನವಿದ್ದು ಚರ್ಮದ ಮೂಲಕ ಸೂಜಿ ಹಾಕಿದರೂ ಹಂತ ಏರಿಸುವುದಿಲ್ಲ. ನಮ್ಮ ಮಕ್ಕಳು ಬಹುಪಾಲು ದೊಡ್ಡ ಗಡ್ಡೆಯೊಂದಿಗೇ ಬರುವುದರಿಂದ ಎರಡನೆಯ ದಾರಿ ನಮಗೆ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಯಾವ ದಾರಿಯಾದರೂ ಸೂಜಿ ಹಾಕಬೇಕೋ ಬೇಡವೋ ಎಂಬುದನ್ನು ಮುಂದೆ ಚಿಕಿತ್ಸೆ ಕೊಡುವ ತಂಡವೇ ನಿರ್ಧರಿಸಬೇಕು.

ಚುಚ್ಚಬಾರದ ಗಡ್ಡೆಗಳೂ ಇವೆ. ಕುರಿ, ನಾಯಿಗಳ ಒಡನಾಟವಿರುವ ನಮ್ಮ ಹಳ್ಳಿಗಳಲ್ಲಿ ಯಕೃತ್ತಿನಲ್ಲಿ ಹೈಡಾಟಿಡ್ ಎಂಬ ನೀರುಗುಳ್ಳೆ ಆಗಬಹುದು. ಅದಕ್ಕೆ ಸುಮ್ಮನೆ ಸೂಜಿ ಹಾಕಿದರೆ ಒಳಗಿನ ದ್ರವ ಸೋರಿ ಮಗುವಿಗೆ ಜೀವಾಪಾಯದ ಅಲರ್ಜಿ ಬರಬಹುದು. ಯಕೃತ್ತಿನ ರಕ್ತನಾಳದ ಗಡ್ಡೆಗಳು ರಕ್ತ ಸುರಿಸಬಹುದು. ಹಾಗಾಗಿಯೇ ಸ್ಕ್ಯಾನಿಂಗ್ ನೋಡದೆ ಹೊಟ್ಟೆಗೆ ಸೂಜಿ ಹಾಕುವುದು ತಪ್ಪು. ಇನ್ನೊಂದು ತಪ್ಪು, ಕೋಶ ತೆಗೆಯುವ ಮೊದಲೇ ಸ್ಟೀರಾಯ್ಡ್ ಕೊಡುವುದು. ಲಿಂಫೋಮಾ ಆಗಿದ್ದರೆ ಅದರಿಂದ ಗಡ್ಡೆ ಕೆಲವು ದಿನ ಕುಗ್ಗಿ ಎಲ್ಲರಿಗೂ ನೆಮ್ಮದಿಯಾಗುತ್ತದೆ. ಆಮೇಲೆ ಸೂಜಿ ಹಾಕಿದರೆ ಹೆಸರು ಹೇಳುವಂಥ ಕೋಶಗಳೇ ಸಿಗುವುದಿಲ್ಲ, ಗಡ್ಡೆ ಮಾತ್ರ ತಿರುಗಿ ಬರುತ್ತದೆ. ಮೂರನೆಯದು ಎಲ್ಲಕ್ಕಿಂತ ದೊಡ್ಡ ತಪ್ಪು: ಸಣ್ಣ ಆಸ್ಪತ್ರೆಯಲ್ಲಿ ಹೊಟ್ಟೆ ತೆರೆದು ನೋಡಿ, ಸಿಕ್ಕಷ್ಟು ಕತ್ತರಿಸಿ, ಉಳಿದದ್ದನ್ನು ಬಿಟ್ಟು ಹೊಲಿದು ದೊಡ್ಡ ಊರಿಗೆ ಕಳಿಸುವುದು. ಸೂಜಿ ಕೆರಳಿಸೀತೆಂದು ಹೆದರುವ ಮನೆಯವರು ಇದಕ್ಕೆ ಒಪ್ಪಿಬಿಡುತ್ತಾರೆ. ನಿಜವಾಗಿ ಹೆದರಬೇಕಾದದ್ದು ಇದಕ್ಕೆ.

ಹಾಗಾದರೆ ಬಸವಕಲ್ಯಾಣದ, ಹುಮನಾಬಾದಿನ ಮಗು ಎಲ್ಲಿಗೆ ಹೋಗಬೇಕು? ತಾಲ್ಲೂಕು ಆಸ್ಪತ್ರೆಯಲ್ಲೇ ಸೂಜಿ ಪರೀಕ್ಷೆ ಆಗಬೇಕೆಂದು ನಾನು ಕೇಳುವುದಿಲ್ಲ. ಅಲ್ಲಿ ಆಗಬೇಕಾದದ್ದು ಮಗುವಿನ ಅಂಗಿ ಎತ್ತಿ ಹೊಟ್ಟೆ ಮುಟ್ಟಿ ನೋಡುವುದು, ರಕ್ತದೊತ್ತಡ ಅಳೆಯುವುದು, ಸ್ಕ್ಯಾನಿಂಗ್ ಮಾಡಿಸುವುದು, ಅದೇ ವಾರ ಮುಂದೆ ಕಳಿಸುವುದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆರಡು ಸಲ ಅಂಗನವಾಡಿಗೆ ಬರಬೇಕು. ತೂಕ, ಹಲ್ಲು, ಕಣ್ಣಿನ ಜೊತೆ ಹೊಟ್ಟೆಯನ್ನೂ ಒಮ್ಮೆ ಮೆಲ್ಲಗೆ ಮುಟ್ಟಿ ನೋಡಿದರೆ ಅರ್ಧ ನಿಮಿಷದ ಕೆಲಸ. ಮುಂದಿನ ಮೆಟ್ಟಿಲು ಬೀದರಿನ ವೈದ್ಯಕೀಯ ಕಾಲೇಜು ಬ್ರಿಮ್ಸ್ ಅಥವಾ ಕಲಬುರಗಿ. ಹುಮನಾಬಾದಿನಿಂದ ಕಲಬುರಗಿ ಸುಮಾರು 60 ಕಿ.ಮೀ., 2017ರಿಂದ ರೈಲೂ ಇದೆ. ಅಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಕಿದ್ವಾಯಿ ಸಂಸ್ಥೆಯ ಶಾಖೆಯಿದೆ. ಬೆಂಗಳೂರಿನ ಕಿದ್ವಾಯಿ 1973ರಿಂದ ಇದ್ದು, ಮಕ್ಕಳ ಕ್ಯಾನ್ಸರಿಗೆ ಪ್ರತ್ಯೇಕ ವಿಭಾಗ ಹೊಂದಿದೆ. ಆದರೆ ನಮ್ಮ ಜನರ ಕಾಲು ಮೊದಲು ಹೊರಳುವುದು ಹೈದರಾಬಾದ್ ಕಡೆಗೆ. 1956ರವರೆಗೆ ಈ ಸೀಮೆ ಹೈದರಾಬಾದ್ ರಾಜ್ಯದಲ್ಲೇ ಇತ್ತು, ಅಲ್ಲಿನ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆ ಅದಕ್ಕೂ ಒಂದು ವರ್ಷ ಹಿಂದಿನದು. ಬಸವಕಲ್ಯಾಣದ ಕೆಲವರು ಸೊಲ್ಲಾಪುರಕ್ಕೂ ಹೋಗುತ್ತಾರೆ. ಎಲ್ಲಿಗಾದರೂ ಹೋಗಲಿ, ಮಕ್ಕಳ ಶಸ್ತ್ರವೈದ್ಯ, ಮಕ್ಕಳ ಕ್ಯಾನ್ಸರ್ ತಜ್ಞ, ಪೆಥಾಲಜಿಸ್ಟ್ ಮೂವರೂ ಮಾತಾಡಿಕೊಳ್ಳುವ ಜಾಗವಾಗಿರಲಿ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ 100ಕ್ಕೆ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ, ಹಲವು ಬಡ ದೇಶಗಳಲ್ಲಿ 30 ಮಂದಿಯೂ ಇಲ್ಲ. ತಡವಾದ ಪತ್ತೆ, ತಪ್ಪು ಪತ್ತೆ, ಅರ್ಧಕ್ಕೆ ಬಿಟ್ಟ ಚಿಕಿತ್ಸೆ ಇದಕ್ಕೆ ಮುಖ್ಯ ಕಾರಣಗಳಲ್ಲಿ ಸೇರಿವೆ. 2030ರೊಳಗೆ ಎಲ್ಲೆಡೆ ಕನಿಷ್ಠ 60 ಮಂದಿಯಾದರೂ ಉಳಿಯಬೇಕೆಂದು ಸಂಸ್ಥೆ 2018ರಲ್ಲಿ ಗುರಿ ಇಟ್ಟುಕೊಂಡಿತು. ಆಗ ಗಮನಕ್ಕೆಂದು ಆರಿಸಿದ ಆರು ಕ್ಯಾನ್ಸರ್‌ಗಳಲ್ಲಿ ವಿಲ್ಮ್ಸ್ ಮತ್ತು ಬರ್ಕಿಟ್ ಎರಡೂ ಇವೆ, ಎರಡೂ ಗುಣವಾಗಬಲ್ಲವು. ದುಡ್ಡಿನ ಮಾತಿಗೆ ಬಂದರೆ, ಬಿಪಿಎಲ್ ಮನೆಗಳಿಗೆ ಕ್ಯಾನ್ಸರಿನಂಥ ದೊಡ್ಡ ಚಿಕಿತ್ಸೆ ಉಚಿತವಾಗಿ ಸಿಗುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಶುರುವಾದದ್ದೇ ನಮ್ಮ ಗುಲ್ಬರ್ಗ ವಿಭಾಗದಲ್ಲಿ. ಈಗ ಅದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದೊಳಗೆ ಸೇರಿದೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ರಾಜ್ಯದ ಗಡಿ ದಾಟುವ ಮುನ್ನ ಆ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಯೋಜನೆಯ ಆರೋಗ್ಯಮಿತ್ರರನ್ನು ಕೇಳಿಕೊಳ್ಳಿ.

ಸೂಜಿ ಪರೀಕ್ಷೆ ಆದ ಮೇಲೆ ಮನೆಯವರು ವರದಿಯ ಹಾಳೆಯನ್ನಷ್ಟೇ ಹಿಡಿದು ಹೊರಡುತ್ತಾರೆ. ಅದು ಸಾಲದು. ಸ್ಲೈಡುಗಳನ್ನೂ ಸೆಲ್ ಬ್ಲಾಕನ್ನೂ ಅರ್ಜಿ ಬರೆದುಕೊಟ್ಟು ಕೇಳಿ ಪಡೆಯಿರಿ. ಮುಂದಿನ ಆಸ್ಪತ್ರೆಯ ಪೆಥಾಲಜಿಸ್ಟ್ ಅದೇ ಸ್ಲೈಡನ್ನು ತಮ್ಮ ಕಣ್ಣಿನಿಂದ ನೋಡುತ್ತಾರೆ, ಎಷ್ಟೋ ಸಲ ಮಗುವಿಗೆ ಮತ್ತೆ ಚುಚ್ಚುವುದು ತಪ್ಪುತ್ತದೆ. ಗಾಜು ಒಡೆಯದಂತೆ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ, ಬಿಸಿಲಿಗೆ ಇಡಬೇಡಿ, ಮೇಲೆ ಬರೆದಿರುವ ನಂಬರ್ ವರದಿಯ ನಂಬರಿಗೆ ಹೊಂದುತ್ತದೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ. ಸಿಟಿ ಸ್ಕ್ಯಾನಿನ ಸಿ.ಡಿ.ಯೂ ಜೊತೆಗಿರಲಿ. ಚಿಕಿತ್ಸೆಗೆ ರೈಲಿನಲ್ಲಿ ಹೋಗುವವರು ಆಸ್ಪತ್ರೆಯಿಂದ ರಿಯಾಯಿತಿ ಪತ್ರ ಬರೆಸಿಕೊಂಡರೆ ಸ್ಲೀಪರ್ ಬೋಗಿಯಲ್ಲಿ ಕ್ಯಾನ್ಸರ್ ರೋಗಿಗೆ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ ಮುಕ್ಕಾಲು ಪಾಲು ರಿಯಾಯಿತಿ ಇದೆ. ಆ ಪತ್ರವನ್ನು ಮೊದಲ ಸಲ ಹೋದಾಗಲೇ ಕೇಳಿ. ಕಿಮೋ ಶುರುವಾದರೆ ತಿಂಗಳುಗಟ್ಟಲೆ ಹೋಗಿಬರಬೇಕಾಗುತ್ತದೆ.